ಮೇಲಿನ ಮಸಿ

ಡೋಣಿ ಹೊಳೆಯ ದಂಡೆಯಲ್ಲಿದ್ದ ಆ ಚಿಕ್ಕ ಮಠಕ್ಕೆ ಗೋಪುರವಿರಲಿಲ್ಲ, ಬೆಳ್ಳಿಯ ಪೀಠವೂ ಇರಲಿಲ್ಲ. ಪೂಜ್ಯ ಗುರುಶಾಂತ ಅಜ್ಜನವರು ಗೋಣಿತಟ್ಟಿನ ಮೇಲೆ ಕುಳಿತೇ ಭಕ್ತರನ್ನು ಹರಸುತ್ತಿದ್ದರು. ಅಲ್ಲಿ ಭಕ್ತರು ಗದ್ದುಗೆಯಷ್ಟೇ ಭಕ್ತಿಯಿಂದ ಕಾಣುತ್ತಿದ್ದುದು ದಾಸೋಹದ ಹಳೆಯ ಕಲ್ಲೊಲೆಯನ್ನು. ಹಿರಿಯ ಗುರುಗಳೇ ಕಟ್ಟಿ ಬೆಂಕಿ ಹಾಕಿದ ಒಲೆ ಅದು. ಶ್ರಾವಣ ಬಂತೆಂದರೆ ಅದಕ್ಕೂ ಅದರ ಹಿಂದಿನ ಗೋಡೆಗೂ ಸುಣ್ಣ ಬಳಿದು ವಿಭೂತಿ ಹಚ್ಚುತ್ತಿದ್ದರು.

ಅಡುಗೆಮನೆಯ ಯಜಮಾನಿಕೆ ಬೌರವ್ವನದು. ಅವಳ ಕೈಯ ಹುಗ್ಗಿಗೆ ಹೆಸರಿತ್ತು, ಆ ಹೆಸರಿನ ಮೇಲೆ ಅವಳಿಗೆ ತುಸು ಅಭಿಮಾನವೂ ಇತ್ತು. ಅಣ್ಣತಮ್ಮಂದಿರು ಮನೆಯಿಂದ ಹೊರಹಾಕಿದ್ದ ವಿಧವೆ ನಿಂಬೆವ್ವನನ್ನು ಕೈಹಿಡಿದು ಮಠಕ್ಕೆ ಕರೆತಂದವಳೂ ಇದೇ ಬೌರವ್ವ.

ಶ್ರಾವಣದ ಮೊದಲ ಸೋಮವಾರ ಬೆಳಗ್ಗೆ ಬೌರವ್ವನಿಗೆ ಅವಸರವಾಗಿತ್ತು. ಹೊಗೆಗಿಂಡಿಯ ಮುಚ್ಚಳ ತೆಗೆಯುವುದನ್ನು ಮರೆತು, ಹಸಿ ಹತ್ತಿಕಟ್ಟಿಗೆ ತುರುಕಿ, ಮೇಲೊಂದಿಷ್ಟು ಎಣ್ಣೆ ಸುರಿದು ಹಚ್ಚಿಬಿಟ್ಟಳು. ಹೊಗೆಯೆಲ್ಲ ತಿರುಗಿ ಒಳಗೇ ನುಗ್ಗಿತು. ಅದು ತಿಳಿಯಾಗುವ ಹೊತ್ತಿಗೆ ಹೊಸ ಸುಣ್ಣದ ಗೋಡೆ ಜಂತಿಯವರೆಗೂ ಕಪ್ಪಾಗಿತ್ತು. ಹೊಗೆ ಕಂಡು ಓಡಿಬಂದ ನಿಂಬೆವ್ವ ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಕುಳಿತಿದ್ದಳು.

ಆಗಲೇ ಮಠದ ಹಿರಿಯರಾದ ಮಲಕಾಜಪ್ಪಗೌಡರು ಒಳಗೆ ಬಂದರು. "ಯಾರ ಕೆಲಸ ಇದು?"

ಬೌರವ್ವ ಸುಳ್ಳು ಹೇಳಲಿಲ್ಲ. ಬಾಯಿಯನ್ನೇ ತೆರೆಯಲಿಲ್ಲ. ಅವಳ ಕಣ್ಣು ಮಾತ್ರ ಮೆಲ್ಲಗೆ ನಿಂಬೆವ್ವನ ಕಡೆ ಹೊರಳಿತು. ಅಷ್ಟೇ ಸಾಕಾಯಿತು.

"ಒಲೀ ಮರ್ಯಾದಿ ಗೊತ್ತಿಲ್ಲದಾಕಿ ಇಲ್ಲಿರೂದು ಬ್ಯಾಡ. ಪ್ರಸಾದ ಮುಗದ ಮ್ಯಾಲ ಗಂಟು ಕಟ್ಟವ್ವ," ಎಂದರು ಗೌಡರು.

ನಿಂಬೆವ್ವ ಒಮ್ಮೆ ಬೌರವ್ವನ ಮುಖ ನೋಡಿದಳು. ನೆರಳು ಕೊಟ್ಟವಳ ಹೆಸರನ್ನು ಹೇಗೆ ಹೇಳಿಯಾಳು? ಬಗ್ಗಿ ಬೂದಿ, ತೆಂಗಿನ ನಾರು ತೆಗೆದುಕೊಂಡು ಗೋಡೆ ತಿಕ್ಕತೊಡಗಿದಳು. ಬೌರವ್ವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನೀರು ತರುವ ನೆವದಲ್ಲಿ ಬಾವಿಗೆ ಹೋದಳು. ಹಗ್ಗ ಹಿಡಿದ ತನ್ನ ಕೈ ತನಗೇ ಅಸಹ್ಯವೆನಿಸಿತು. ಈಗ ಹೇಳಿಬಿಡಲೇ ಎಂದುಕೊಂಡಳು. ಇವತ್ತು ಊರೆಲ್ಲ ಸೇರುವ ದಿನ, ನಾಳೆ ಹೇಳಿದರಾಯಿತು ಎಂದೂ ಅಂದುಕೊಂಡಳು. ನಾಳೆ ನಿಂಬೆವ್ವ ಇಲ್ಲಿ ಇರುವುದಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೊಡ ಹೊತ್ತು ಮರಳಿದಾಗ ಅಜ್ಜನವರು ಕಾವಿಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ನಿಂಬೆವ್ವನ ಪಕ್ಕದಲ್ಲಿ ಗೋಡೆ ತಿಕ್ಕುತ್ತಿದ್ದರು. ಗೌಡರು "ಬ್ಯಾಡ್ರೀ ಅಜ್ಜಾರ, ನಾವು ಮಾಡಿಸ್ತೀವಿ" ಎಂದು ಕೈಮುಗಿದು ನಿಂತಿದ್ದರು. ಅಜ್ಜನವರು ತಲೆಯೆತ್ತಲಿಲ್ಲ. ನಿಂಬೆವ್ವ ಬುಡದಿಂದ ತಿಕ್ಕುತ್ತಿರುವುದನ್ನು ಕಂಡು ಮೃದುವಾಗಿ ನುಡಿದರು:

"ಮ್ಯಾಲಿಂದ ಶುರು ಮಾಡಬೇಕವ್ವ. ಇಲ್ಲಂದ್ರ ಮ್ಯಾಲಿನ ಮಸಿ ಎಲ್ಲಾ ಕೆಳಗಿದ್ದವರ ಮ್ಯಾಲ ಸುರೀತದ."

ಅವರು ಬೌರವ್ವನತ್ತ ನೋಡಿರಲಿಲ್ಲ. ಆದರೂ ಕೊಡ ಅವಳ ಕೈಜಾರಿ ಅಡುಗೆಮನೆಯ ತುಂಬ ನೀರು ಹರಿಯಿತು.

"ಅಜ್ಜಾರ, ಕಿಂಡಿ ತಗೀದ ಹಸಿ ಕಟಗಿ ಹಚ್ಚಿದಾಕಿ ನಾನರೀ. ಈಕಿದು ಏನೂ ತಪ್ಪಿಲ್ಲ," ಎಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಜ್ಜನವರ ಕೈ ನಿಂತಿತು. "ನನಗ್ಯಾಕ ಹೇಳ್ತೀ ತಾಯಿ? ಗಂಟು ಕಟ್ಟು ಅನ್ನಿಸಿಕೊಂಡಾಕಿ ನಾನಲ್ಲ."

ಅದು ಎಲ್ಲಕ್ಕಿಂತ ಕಠಿಣವಾದ ಮಾತಾಗಿತ್ತು. ಬೌರವ್ವ ಮುಖದ ಸೆರಗು ಸರಿಸಿದಳು. ಗೌಡರ ಎದುರು, ಬಾಗಿಲಲ್ಲಿ ನೆರೆದ ಭಕ್ತರ ಎದುರು, ನಿಂಬೆವ್ವನ ಮುಂದೆ ಕೈಜೋಡಿಸಿದಳು. ನೀರಿನಲ್ಲೇ ಮಂಡಿಯೂರಿ ಅತ್ತಳು.

ನಿಂಬೆವ್ವ ತನ್ನ ಮಸಿಗೈಯಿಂದಲೇ ಅವಳ ರಟ್ಟೆ ಹಿಡಿದೆತ್ತಿದಳು. "ಏಳಕ್ಕ. ನೀ ಹಿಂಗ ಅಳಕೋತ ಕುಂತ್ರ ಎಸರಿಡಾವ್ರು ಯಾರು?"

ಕೇಳದೆಯೇ ತೀರ್ಪು ಕೊಟ್ಟ ಗೌಡರು ರುಮಾಲು ತೆಗೆದು ತಲೆತಗ್ಗಿಸಿ ನಿಂತರು. ಅಜ್ಜನವರು ಮತ್ತೆ ಗೋಡೆಯ ಕಡೆ ತಿರುಗಿದರು.

ಬೌರವ್ವ ಯಜಮಾನಿಕೆ ಬಿಡುತ್ತೇನೆಂದರೂ ಪೂಜ್ಯರು ಬಿಡಗೊಡಲಿಲ್ಲ. ಹುಗ್ಗಿಯನ್ನು ಯಾರಾದರೂ ಹೊಗಳಿದರೆ ಅವಳೀಗ ಸುಮ್ಮನೆ ನಿಂಬೆವ್ವನನ್ನು ಮುಂದೆ ಮಾಡುತ್ತಿದ್ದಳು. ಅನ್ನ ಸೀದಾಗಲೋ ಸಾರಿಗೆ ಉಪ್ಪು ಹೆಚ್ಚಾದಾಗಲೋ "ಯಾರು ಮಾಡಿದ್ದು?" ಎಂಬ ಮಾತು ಬಂದರೆ, ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿದ್ದಳು.

"ಮೊದಲ ನನ್ನ ಕೇಳ್ರಿ."