ಇನ್ನೊಂದು ಸಲ

ಹೊಳೆದಂಡೆಯ ಬಯಲಿನಲ್ಲಿ ಬೈಕ್ ರೇಸಿನ ಮಣ್ಣಿನ ಟ್ರ್ಯಾಕ್ ಇತ್ತು. ಅದರ ಮೂರನೇ ತಿರುವಿನಲ್ಲಿ ಮೂವತ್ತು ವರ್ಷದಿಂದ ನಿಂತು ಫೋಟೋ ತೆಗೆಯುತ್ತಿದ್ದವರು ದಾವಲ್ ಮಾಸ್ತರ್.

ಆ ತಿರುವಿನಲ್ಲಿ ಒಬ್ಬರಿಗಷ್ಟೇ ಜಾಗ. ನಿಂತವರ ಮೈಮೇಲೆ ಕೆಂಪು ಜಾಕೆಟ್ ಇರಲೇಬೇಕು. ಮಾಸ್ತರರ ಮೊಣಕಾಲು ಈಚೆಗೆ ಅವರ ಮಾತು ಕೇಳುತ್ತಿರಲಿಲ್ಲ. ಈ ವರ್ಷದ ರೇಸ್ ಮುಗಿದರೆ ಆ ಜಾಕೆಟ್ ಬೇರೆ ಯಾರಿಗಾದರೂ ಹೋಗಬೇಕಿತ್ತು.

ಅದು ತನಗೇ ಬೇಕೆಂದು ಬಂದವಳು ದಾಕ್ಷಾಯಣಿ. ಮದುವೆ ಫೋಟೋ ತೆಗೆಯುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರಾದ ಹುಡುಗಿ. ಬಗಲಲ್ಲಿ ದಪ್ಪನೆಯ ಆಲ್ಬಮ್ ಹಿಡಿದುಕೊಂಡೇ ಬಂದಳು.

"ಯಾಕ ಬಂದಿ ಮಗಳ?"

"ಓಡೂ ಬೈಕಿನ ಫೋಟೋ ತೆಗೆಯೂದು ಕಲೀಬೇಕ್ರಿ ಮಾಸ್ತರ್. ಮದುವಿ ಮಂದಿ ನಿಂದರ್ರಿ ಅಂದ್ರ ನಿಂದರ್ತಾರ, ನಗ್ರಿ ಅಂದ್ರ ನಗ್ತಾರ. ಬ್ಯಾಸರ ಬಂದೈತಿ."

ಮಾಸ್ತರ್ ಆಲ್ಬಮ್ ತೆರೆದು ತಾಳಿ ಕಟ್ಟುವ ಫೋಟೋದ ಮೇಲೆ ಬೆರಳಿಟ್ಟರು. ಮದುಮಗನ ಕೈ, ಮದುಮಗಳ ತಗ್ಗಿದ ತಲೆ, ಗಾಳಿಯಲ್ಲಿ ಅಕ್ಕಿಕಾಳು. ಎಲ್ಲ ಅಚ್ಚುಕಟ್ಟು.

"ಎಷ್ಟು ಸಲ ಕಟ್ಟಿದ?"

"ಮೂರು ಸಲರಿ. ಮೊದಲನೇ ಸಲ ಮಂತ್ರ ಹೇಳೂ ಅಯ್ಯನವರ ಕೈ ಅಡ್ಡ ಬಂತು. ಇನ್ನೊಂದು ಸಲ ಕಟ್ಟಿದಂಗ ಮಾಡ್ರಿ ಅಂದೆ, ಮದುಮಗ ಕಣ್ಣು ಮುಚ್ಚಿದ. ಇದು ಮೂರನೇದ್ದು."

"ಹಂಗಾದ್ರ ಅವರ ಮದುವಿ ಆಗಿದ್ದು ಯಾವ ಸಲ?"

"ಮೊದಲನೇ ಸಲ."

"ಅದರ ಫೋಟೋ ಎಲ್ಲೈತಿ?"

ದಾಕ್ಷಾಯಣಿ ನಕ್ಕಳು. ಮಾಸ್ತರೂ ನಕ್ಕರು. ಇಬ್ಬರೂ ಒಂದೇ ಕಾರಣಕ್ಕೆ ನಗುತ್ತಿಲ್ಲವೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಮರುದಿನದಿಂದಲೇ ಅಭ್ಯಾಸ. ರೇಸಿಗೆ ಇನ್ನೂ ಹತ್ತು ದಿನವಿತ್ತು, ಓಡಿಸುವವರು ಬೆಳಗಿನಿಂದ ತಾಲೀಮು ನಡೆಸಿದ್ದರು. ಮೊದಲ ದಿನ ಅವಳು ತೆಗೆದ ಫೋಟೋದಲ್ಲಿ ಚಕ್ರದ ಒಂದೊಂದು ಕಡ್ಡಿಯನ್ನೂ ಎಣಿಸಬಹುದಿತ್ತು. ಓಡಿಬಂದು ಹೆಮ್ಮೆಯಿಂದ ತೋರಿಸಿದಳು.

ಮಾಸ್ತರ್ ಕನ್ನಡಕ ಹಣೆಗೇರಿಸಿ ನೋಡಿದರು.

"ಗಾಡಿ ಚಲೋ ಐತಿ. ಮಾರೂದೈತೇನು?"

"ಅಯ್ಯ, ಅದು ಎಂಬತ್ತರ ಸ್ಪೀಡಿನ್ಯಾಗ ಓಡಾಕ ಹತ್ತಿತ್ರಿ!"

"ಹೌದೇನು? ನೀ ಅದನ್ನ ಹಿಡಿದು ನಿಂದರಿಸಿ, ಸ್ಟ್ಯಾಂಡ್ ಹಾಕೀದಿ ನೋಡು."

ಆಮೇಲೆ ಅವರು ಶಟರ್ ನಿಧಾನ ಮಾಡಿಸಿದರು. ಬೈಕ್ ದೂರದಲ್ಲಿರುವಾಗಲೇ ಅದನ್ನು ಕಣ್ಣಲ್ಲಿ ಹಿಡಿ, ಅದು ಓಡಿದಂತೆ ನೀನೂ ಸೊಂಟದಿಂದ ತಿರುಗುತ್ತ ಹೋಗು, ಆಗ ಬೈಕ್ ಸ್ಪಷ್ಟವಾಗಿ ಬರುತ್ತದೆ, ಹಿಂದಿನ ಬಯಲು ಹರಿದು ಹೋಗುತ್ತದೆ ಎಂದರು.

ಅವಳು ಹಾಗೆಯೇ ತಿರುಗಿದಳು. ಆದರೆ ಬಟನ್ ಒತ್ತಿದ ಕೂಡಲೇ ಕೈ ಗಕ್ಕನೆ ನಿಲ್ಲುತ್ತಿತ್ತು. ಕ್ಯಾಮೆರಾ ಇಳಿಸಿ, ಏನು ಬಂದಿದೆಯೋ ಎಂದು ಪರದೆಯೊಳಗೆ ಇಣುಕುತ್ತಿದ್ದಳು. ಬಂದಿರುತ್ತಿದ್ದುದು ಸೆಗಣಿ ಸಾರಿಸಿದ ನೆಲದಂಥ ಮಸುಕು.

ನಾಲ್ಕು ದಿನ ಹೀಗೇ ಹೋಯಿತು. ಐದನೇ ದಿನ ಅವಳು ಕ್ಯಾಮೆರಾ ಕೆಳಗಿಟ್ಟಳು.

"ಎಲ್ಲಿ ತಪ್ಪಾಕ ಹತ್ತೇನ್ರಿ ಮಾಸ್ತರ್?"

"ನಾಳೆ ಮಧ್ಯಾಹ್ನ ಮನಿಗೆ ಊಟಕ್ಕ ಬಾ."

ಕೇಳಿದ್ದೇನು, ಹೇಳಿದ್ದೇನು! ಆದರೂ ಹೋದಳು.

ಮಾಸ್ತರ್ ಓಣಿಯ ತುದಿಗೇ ಬಂದು ಕಾದಿದ್ದರು. ಜೊತೆಗೆ ನಡೆದು ಮನೆಗೆ ಕರೆದೊಯ್ದರು. ಕೈಗೆ ನೀರು ಕೊಟ್ಟರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಾವೇ ಬಡಿಸಿದರು. ಸಾಕು ಸಾಕು ಎಂದರೂ ಮತ್ತೊಂದು ರೊಟ್ಟಿ ಬಿತ್ತು. ದಾಕ್ಷಾಯಣಿಗೆ ಹೊಟ್ಟೆಯೂ ತುಂಬಿತು, ಮನಸ್ಸೂ ತುಂಬಿತು.

"ಬರ್ತೀನ್ರಿ ಮಾಸ್ತರ್" ಎಂದು ಕೈಮುಗಿದು ಹೊಸ್ತಿಲು ದಾಟಿದಳು.

ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಬೆನ್ನ ಹಿಂದೆ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿಸಿತು.

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಏನಂದೆ, ಏನು ಮಾಡಿದೆ ಎಂದು ತಿಳಿಯದೆ ಕಣ್ಣಲ್ಲಿ ನೀರೇ ಬಂತು. ಚಪ್ಪಲಿ ಮೆಟ್ಟುವುದನ್ನೂ ಮರೆತು ಬಿಸಿಲಲ್ಲಿ ನಿಂತಳು.

ಚಿಲಕ ತೆಗೆದ ಸದ್ದಾಯಿತು. ಮಾಸ್ತರ್ ಬಾಗಿಲಲ್ಲಿ ನಗುತ್ತ ನಿಂತಿದ್ದರು.

"ಹೆಂಗನಿಸ್ತು?"

"ಉಂಡದ್ದೆಲ್ಲ ಹಾಳಾತ್ರಿ."

"ನಿನ್ನ ಕ್ಯಾಮೆರಾ ಬಂದ ಪ್ರತಿ ಬೈಕಿಗೂ ಇದನ್ನ ಮಾಡಾಕ ಹತ್ತೈತಿ."

ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಮಾಸ್ತರ್ ಮೊಣಕಾಲು ಹಿಡಿದುಕೊಂಡು ಓಣಿಯ ತುದಿಯವರೆಗೂ ಅವಳ ಜೊತೆ ಬಂದರು. ಅವಳು ಹಿಂತಿರುಗಿ ನೋಡಿದಾಗಲೆಲ್ಲ ಅಲ್ಲೇ ಇದ್ದರು. ಅವಳು ಮೂಲೆ ತಿರುಗಿ ಮರೆಯಾಗುವವರೆಗೂ ಇದ್ದರು.

ಮರುದಿನದಿಂದ ಅವಳ ಕೈ ನಿಲ್ಲಲಿಲ್ಲ. ಬಟನ್ ಒತ್ತಿದ ಮೇಲೂ ಬೈಕು ಕಣ್ಮರೆಯಾಗುವವರೆಗೆ ತಿರುಗುತ್ತಲೇ ಇರುತ್ತಿದ್ದಳು.

ರೇಸಿನ ದಿನ ಬಂತು. ಮಾಸ್ತರ್ ಜಾಕೆಟ್ ಬಿಚ್ಚಿ ಅವಳಿಗೆ ತೊಡಿಸಿದರು.

"ಇವತ್ತಿನ ಮಟ್ಟಿಗೆ ಎರವಲು. ರೇಸ್ ಮುಗಿದ ಮ್ಯಾಲ ಒಂದು ಫೋಟೋ ತೋರಿಸು. ಸರಿ ಇದ್ರ ಜಾಕೆಟ್ ನಿಂದ. ಇಲ್ಲಾಂದ್ರ ಕಲ್ಯಾಣಮಂಟಪ ಎಲ್ಲಿಗೂ ಓಡಿ ಹೋಗಂಗಿಲ್ಲ."

ಅಷ್ಟರಲ್ಲಿ ಗವಿಸಿದ್ದಪ್ಪ ತನ್ನ ನಲವತ್ತೊಂದು ನಂಬರಿನ ಬೈಕ್ ತಳ್ಳಿಕೊಂಡು ಬಂದ. ಪಂಕ್ಚರ್ ಅಂಗಡಿಯವನು, ನಲವತ್ತೆಂಟು ವಯಸ್ಸು. ಹದಿನಾರು ವರ್ಷದಿಂದ ಓಡಿಸುತ್ತಿದ್ದ, ಹದಿನಾರು ವರ್ಷವೂ ಎಲ್ಲರಿಗಿಂತ ಕೊನೆಗೆ ಬಂದಿದ್ದ. ಆದರೂ ಅವನಷ್ಟು ಖುಷಿಯಿಂದ ಬರುವವರು ಆ ಬಯಲಿನಲ್ಲಿ ಇನ್ನೊಬ್ಬರಿರಲಿಲ್ಲ.

"ಅಕ್ಕಾರ, ಇದು ನನ್ನ ಕಡೀ ರೇಸು. ಎಲ್ಲಾರೂ ಮುಂದಿದ್ದವರದ್ದ ಫೋಟೋ ತೆಗೀತಾರ. ನಂದೂ ಒಂದು ತೆಗೀರಿ. ಅಂಗಡ್ಯಾಗ ತೂಗ ಹಾಕ್ತೀನಿ."

ಮಾಸ್ತರ್ ಕೈ ತಟ್ಟಿದರು. "ಅದ ಆಗ್ಲಿ. ನನಗ ನಲವತ್ತೊಂದು ನಂಬರಿನ ಫೋಟೋ ತೋರಿಸು ಮಗಳ."

ರೇಸ್ ಏಳು ಸುತ್ತಿನದು. ಮೊದಲ ಆರು ಸುತ್ತಿನಲ್ಲೂ ಮುಂದಿನವರು ಎಬ್ಬಿಸಿದ ಧೂಳಿನಲ್ಲಿ ನಲವತ್ತೊಂದು ಕಾಣಲೇ ಇಲ್ಲ. ಸದ್ದು ಮಾತ್ರ ಬಂದು ಹೋಗುತ್ತಿತ್ತು. ದಾಕ್ಷಾಯಣಿ ಮತ್ತೆ ಮತ್ತೆ ಲೆನ್ಸಿನ ಧೂಳು ಒರೆಸಿದಳು.

ಏಳನೇ ಸುತ್ತಿಗೆ ಹೊಳೆಯ ಕಡೆಯಿಂದ ಗಾಳಿ ಬೀಸಿ ಧೂಳು ಸರಿಯಿತು.

ದೂರದಲ್ಲಿ ಗವಿಸಿದ್ದಪ್ಪ ಕಂಡ. ಅವನ ಮುಂದೆ ಹನ್ನೆರಡು ನಂಬರಿನ ಹುಡುಗ. ದಾಕ್ಷಾಯಣಿ ನಲವತ್ತೊಂದನ್ನು ಕ್ಯಾಮೆರಾದಲ್ಲಿ ಹಿಡಿದು ತಿರುಗತೊಡಗಿದಳು. ತಿರುವಿಗೆ ಬಂದಾಗ ಗವಿಸಿದ್ದಪ್ಪ ಒಳಬದಿಗೆ ವಾಲಿದ. ಎಡಗಾಲು ಮಣ್ಣಲ್ಲಿ ಗೆರೆ ಎಳೆಯಿತು. ಹನ್ನೆರಡರ ಪಕ್ಕಕ್ಕೆ ಬಂದ, ದಾಟಿದ! ಒಂದು ಕೈ ಹ್ಯಾಂಡಲ್ ಬಿಟ್ಟು ಮುಷ್ಟಿ ಎತ್ತಿತು. ಅವಳಿಗೆ ಮೈ ಜುಮ್ಮೆಂದಿತು. ಅವನ ಜೊತೆಗೇ ತಿರುಗಿದಳು, ನೆಟ್ಟಗಿನ ದಾರಿಯುದ್ದಕ್ಕೂ ಹೋದಳು, ಜಾಲಿಮರದ ಮರೆಗೆ ಅವನು ಸರಿಯುವವರೆಗೂ ಬಿಡಲಿಲ್ಲ.

ಆಮೇಲೆ ನೋಡಿದರೆ ಬೆರಳು ಬಟನ್ ಒತ್ತಿರಲೇ ಇಲ್ಲ.

ರೇಸ್ ಮುಗಿಯಿತು. ಬೋರ್ಡಿನ ಮೇಲೆ ನಲವತ್ತೊಂದರ ಹೆಸರು ಎಂದಿನಂತೆ ಎಲ್ಲರಿಗಿಂತ ಕೆಳಗಿತ್ತು. ಗವಿಸಿದ್ದಪ್ಪ ಅವಳ ಹತ್ತಿರ ಓಡಿಬಂದ. ಮುಖವೆಲ್ಲ ಮಣ್ಣು, ಹಲ್ಲು ಮಾತ್ರ ಬಿಳಿ.

"ಬಂತೇನ್ರಿ ಫೋಟೋ?"

ಧೂಳಿತ್ತು ಎನ್ನಬಹುದಿತ್ತು. ಕ್ಯಾಮೆರಾ ಕೈಕೊಟ್ಟಿತು ಎನ್ನಬಹುದಿತ್ತು.

"ಇಲ್ಲಣ್ಣಾ. ನಿನ್ನ ನೋಡ್ಕೋತ ಬಟನ್ ಒತ್ತೂದ ಮರತೆ."

ಅವನ ಮುಖ ಇಳಿಯಿತು. ಆದರೆ ಅದು ಬಹಳ ಹೊತ್ತು ಇಳಿದಿರುವ ಮುಖವಲ್ಲ.

"ಅದಕ್ಯಾಕ ಚಿಂತಿ? ಟ್ರ್ಯಾಕ್ ಖಾಲಿ ಐತಿ. ಇನ್ನೊಂದು ಸಲ ಹೊಡಕೊಂಡು ಬರ್ತೀನಿ. ಬೇಕಂದ್ರ ಮೂರು ಸಲ!"

ಹೂಂ ಎನ್ನುವುದು ಅವಳ ನಾಲಗೆಯ ತುದಿಗೆ ಬಂದಿತ್ತು. ಬಿಸಿಲು ಹದವಾಗಿತ್ತು. ಮೈಮೇಲಿನ ಜಾಕೆಟ್ ಬಿಚ್ಚಲು ಮನಸ್ಸಿರಲಿಲ್ಲ. ಮಾಸ್ತರ್ ಅತ್ತ ಜಾಲಿಮರದ ಕೆಳಗೆ ಕೂತು, ಹೊಳೆಯ ಕಡೆ ಮುಖಮಾಡಿ ಚಹಾ ಕುಡಿಯುತ್ತಿದ್ದರು.

"ಬ್ಯಾಡಣ್ಣಾ" ಎಂದಳು. "ನೀ ಬರ್ತಿ. ಹನ್ನೆರಡು ನಂಬರನ್ನ ಎಲ್ಲಿಂದ ತರೂದು?"

ಗವಿಸಿದ್ದಪ್ಪ ಒಂದು ಹೆಜ್ಜೆ ಹತ್ತಿರ ಬಂದ.

"ನೀವು... ನೋಡಿದ್ರೇನ್ರಿ?"

"ನೋಡಿದೆ. ಒಳಗಿಂದ ಬಂದಿ. ಎಡಗಾಲು ಮಣ್ಣಾಗಿತ್ತು. ಅಂವಾ ಬಲಕ್ಕ ತಿರುಗಿ ನೋಡೂದ್ರಾಗ ನೀ ಮುಂದಿದ್ದಿ. ಕೈ ಎತ್ತಿದಿ."

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಕಡೀ ತಿರುವಿನ್ಯಾಗ ಅಂವಾ ಮತ್ತ ಮುಂದ ಹೋದ. ಬೋರ್ಡಿನ್ಯಾಗ ನಾನ ಕಡೀಗೆ. ಹೇಳಿದ್ರ ಯಾರು ನಂಬ್ತಾರ ಅಂತ ಸುಮ್ಮನಿದ್ದೆ." ಹಾಗೆಂದವನು ತಟ್ಟನೆ ಎದ್ದು, ಬುತ್ತಿಗಂಟು ಹಿಡಿದು ನಿಂತಿದ್ದ ಹೆಂಡತಿಯನ್ನು ಕೂಗಿದ. "ಏ, ಬಾ ಇಲ್ಲೆ! ಅಕ್ಕಾರ, ಇನ್ನೊಂದು ಸಲ ಹೇಳ್ರಿ!"

ದಾಕ್ಷಾಯಣಿ ಹೇಳಿದಳು. ಹೆಂಡತಿ ಗಂಡನ ಕಡೆ ಹೊಸಬನನ್ನು ನೋಡುವಂತೆ ನೋಡಿದಳು.

ಅಷ್ಟರಲ್ಲಿ ಅಂಗಡಿಯ ಗೆಳೆಯರು ಬಂದರು.

"ಇನ್ನೊಂದು ಸಲ ಅಕ್ಕಾರ, ಇನ್ನೊಂದ ಸಲ!"

ಮೂರನೇ ಸಲ ಹೇಳುವಾಗ ಅವಳು ಸೊಂಟದಿಂದ ತಿರುಗುತ್ತ ಹೇಳಿದಳು. ಕೇಳುತ್ತಿದ್ದವರ ತಲೆಗಳೂ ಅವಳ ಜೊತೆ ತಿರುಗಿದವು. ಖಾಲಿ ದಾರಿಯುದ್ದಕ್ಕೂ ಎಲ್ಲರೂ ಜಾಲಿಮರದವರೆಗೆ ನೋಡಿದರು. ಅದರ ಕೆಳಗಿದ್ದ ಮಾಸ್ತರ್ ಯಾವಾಗಲೋ ಇತ್ತ ತಿರುಗಿ ಕೂತಿದ್ದರು.

ಆಮೇಲೆ ಅವಳು ಮಾಸ್ತರರ ಹತ್ತಿರ ಹೋದಳು. ಜಾಕೆಟ್ ಬಿಚ್ಚಿ, ಮಡಿಚಿ, ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಫೋಟೋ ಇಲ್ರಿ ಮಾಸ್ತರ್."

ಮಾಸ್ತರ್ ಚಹಾದ ಲೋಟ ಕೆಳಗಿಟ್ಟರು. ಜಾಕೆಟ್ಟಿನ ಮಡಿಕೆ ಬಿಚ್ಚಿ, ಧೂಳು ಕೊಡವಿ, ಮತ್ತೆ ಅವಳ ಹೆಗಲ ಮೇಲೆ ಹಾಕಿದರು.

"ಮಾಸ್ತರ್, ನಾ ಬಟನ್ನ ಒತ್ತಿಲ್ರಿ!"

"ಅದೊಂದ ಉಳಿದೈತಿ. ನಾಳೆ ಮುಂಜಾನೆ ಬಾ, ಕಲಿಸ್ತೀನಿ."