ದೃಷ್ಟಿಬೊಂಬೆಯ ನಗು

ಕಟ್ಟುತ್ತಿದ್ದ ಮನೆಗೆ ತೂಗುಹಾಕಿದ್ದ ದೃಷ್ಟಿಬೊಂಬೆಯ ಹಿಂದೆ, ಗೋಡೆಯ ತೂತಿನಲ್ಲಿ ಗುಬ್ಬಿಯೊಂದು ಮೂರು ಮೊಟ್ಟೆಯಿಟ್ಟಿತು.

"ಏ ಗುಬ್ಬಿ, ನನ್ನ ಕೋರೆಹಲ್ಲು ಕಾಣಲಿಲ್ಲವೇ?" ಎಂದು ಬೊಂಬೆ ಗದರಿತು.

"ಕಂಡೆ ಅಣ್ಣ. ಇಷ್ಟಗಲ ನಗುವವನ ಹತ್ತಿರ ಭಯವೇನು ಎಂದೇ ಬಂದೆ."

"ಇದು ನಗುವಲ್ಲ, ದಡ್ಡಿ! ಹೆದರಿಸಲೆಂದೇ ಮಾಡಿದ ಬಾಯಿ."

ಅಷ್ಟರಲ್ಲಿ ಮೊಟ್ಟೆ ಕದಿಯಲು ಕಾಗೆ ಬಂತು. ಗಾಳಿಗೆ ಬೊಂಬೆ ಓಲಾಡಿತು. ಆ ಹಲ್ಲು ಕಂಡದ್ದೇ ಕಾಗೆ ಕಿರುಚಿಕೊಂಡು ಹಾರಿಹೋಯಿತು.

"ನೋಡಿದೆಯಾ? ಕಾಗೆಗೆ ಗೊತ್ತು, ಇದು ನಗುವಲ್ಲವೆಂದು."

"ಕಾಗೆ ಏನಾದರೂ ಅನ್ನಲಿ. ನನ್ನ ಮೊಟ್ಟೆ ಉಳಿಸಿದ ಬಾಯಿ ಇದು. ನಾನು ಇದನ್ನು ನಗು ಎಂದೇ ಕರೆಯುತ್ತೇನೆ, ಅಣ್ಣ."

ಬೊಂಬೆ ಮತ್ತೆ ಗದರಲಿಲ್ಲ.

ತಿಂಗಳು ತುಂಬುವುದರೊಳಗೆ ಮೂರು ಮರಿಗಳೂ ಬೊಂಬೆಯ ನೆತ್ತಿಯ ಮೇಲೆ ಕೂತು, ಅಲ್ಲಿಂದಲೇ ಹಾರಿದವು.