ದರ್ಜಿಗೆ ಸಿಗದ ಅಂಗಿ

“ತಾಯಿ, ಒಬ್ಬರ ಗುಣವನ್ನು ಎಲ್ಲರಿಗಿಂತ ಮೊದಲು ಕಂಡವನು ನಾನು. ಈಗ ಊರೆಲ್ಲ ಅವರನ್ನು ಹೊಗಳುತ್ತಿದೆ. ನನಗೆ ಸಂತೋಷವಾಗಬೇಕಿತ್ತು. ಬದಲಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿದೆ. ಯಾಕೆ?” ಎಂದು ಶಿಷ್ಯ ಕೇಳಿದ.

ಗುರುಮಾತೆ ಹೇಳಿದರು:

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಆ ಊರಿಗೊಂದು ಫುಟ್‌ಬಾಲ್ ತಂಡವಿತ್ತು. ಜನ ಗೋಲು ಹೊಡೆದವರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ದರ್ಜಿಯ ಕಣ್ಣು ಮಾತ್ರ ಹಿಂದಿನ ಸಾಲಿನ ಒಬ್ಬ ಆಟಗಾರನ ಮೇಲೆ. ಅವನು ಓಡುತ್ತಿದ್ದುದೇ ಕಡಿಮೆ. ಎದುರಾಳಿ ಚೆಂಡನ್ನು ಎಲ್ಲಿಗೆ ಒದೆಯಬೇಕೆಂದುಕೊಂಡನೋ ಅಲ್ಲಿ ಅವನು ಆಗಲೇ ನಿಂತಿರುತ್ತಿದ್ದ. ಎದುರಾಳಿ ಬೇರೆ ದಾರಿ ಹುಡುಕಿಕೊಂಡು ಹೋಗುತ್ತಿದ್ದ. ಅಲ್ಲೇನೂ ನಡೆಯಲಿಲ್ಲ ಎಂದು ಜನ ಅಂದುಕೊಳ್ಳುತ್ತಿದ್ದರು. ಏನೂ ನಡೆಯದಂತೆ ನೋಡಿಕೊಂಡವನೇ ಅವನು ಎಂಬುದು ದರ್ಜಿಗೆ ಗೊತ್ತಿತ್ತು.

ದರ್ಜಿ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ! ಕೈಕಟ್ಟಿ ಕುಳಿತು ಒಳಗೊಳಗೇ ಹಿಗ್ಗುತ್ತಿದ್ದ.

ಪಕ್ಕದಲ್ಲಿ ನಿಲ್ಲುತ್ತಿದ್ದ ಸೋಡಾ ಮಾರುವವನದು ದೊಡ್ಡ ಬಾಯಿ. “ಲೋ ಗೂಟ, ಒಂಚೂರು ಅಲ್ಲಾಡೋ!” ಎಂದು ಆ ಆಟಗಾರನನ್ನು ಪ್ರತಿ ಪಂದ್ಯದಲ್ಲೂ ಕೆಣಕುತ್ತಿದ್ದ. ಒಮ್ಮೆ ಅವನೇ ಬೆರಗಾಗಿ, “ಟೈಲರಣ್ಣ, ಈ ಗೂಟ ಇವತ್ತು ಪರವಾಗಿಲ್ಲ ಕಣಣ್ಣ. ಏನಂತೀಯ?” ಎಂದ. ದರ್ಜಿಗೆ ತನ್ನ ಜೇಬಿಗೆ ಯಾರೋ ಕೈ ಹಾಕಿದಂತಾಯಿತು. “ಏನೋ ಅದೃಷ್ಟ, ಬಿಡು” ಎಂದು ಮಾತು ತೇಲಿಸಿದ.

ಮುಂದೆ ಆ ಆಟಗಾರ ತಂಡ ಬಿಟ್ಟು ದೂರದ ಊರಿಗೆ ಹೊರಟ. ಹಾಗೆ ಬಿಟ್ಟುಹೋಗುವವನು ಕೊನೆಯ ಪಂದ್ಯ ಮುಗಿದ ಮೇಲೆ ತನ್ನ ಅಂಗಿಯನ್ನು ಮನಸ್ಸಿಗೆ ಬಂದ ಅಭಿಮಾನಿಯೊಬ್ಬನಿಗೆ ಕೊಡುವುದು ಅಲ್ಲಿನ ಪದ್ಧತಿ. ಅಂದು ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದಿನ ದಿನದವರೆಗೆ ಅವನ ಹೆಸರೂ ಗೊತ್ತಿಲ್ಲದವರು ಕಣ್ಣೊರೆಸಿಕೊಂಡರು. ಇವರಿಗೆಲ್ಲ ಈಗ ಕಣ್ಣು ಬಂತೇ ಎಂದು ದರ್ಜಿ ಉರಿದುಹೋದ. ಆದರೂ ಅಂಗಿ ತನಗೇ ಎಂಬ ನಂಬಿಕೆಯಿಂದ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು ನಿಂತ.

ಆಟಗಾರ ಅವನನ್ನು ದಾಟಿ ಹೋಗಿ ಸೋಡಾ ಮಾರುವವನ ಕೈಗೆ ಅಂಗಿ ಕೊಟ್ಟ.

ದರ್ಜಿ ತಡೆಯಲಾರದೆ ಕೂಗಿದ: “ಏನಪ್ಪಾ ಇದು! ಅವನು ನಿನ್ನನ್ನು ಬೈದವನು. ನಿನ್ನ ಆಟ ಏನೆಂದು ತಿಳಿದವನು ನಾನು!”

ಆಟಗಾರ ತಿರುಗಿ ನೋಡಿದ. “ಇವರು ಬೈಯುವುದಕ್ಕಾದರೂ ನನ್ನ ಕಡೆ ನೋಡುತ್ತಿದ್ದರು, ಅಣ್ಣ. ತಾವು ಯಾರು, ಗೊತ್ತಾಗಲಿಲ್ಲ.”

ಗುರುಮಾತೆ ಕತೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು. “ಅನ್ಯಾಯ ತಾಯಿ, ಆ ಅಂಗಿ ದರ್ಜಿಗೇ ಸಲ್ಲಬೇಕಿತ್ತು” ಎಂದ.

“ಅಂಗಿ ಹಾಗಿರಲಿ, ತನ್ನ ಆಟ ಇಲ್ಲಿ ಒಬ್ಬರಿಗಾದರೂ ಬೇಕಾಗಿದೆ ಎಂದು ತಿಳಿದಿದ್ದರೆ ಆ ಆಟಗಾರ ಊರನ್ನೇ ಬಿಡುತ್ತಿರಲಿಲ್ಲ.”